ಥಿಯರಿಟಿಕಲ್ ಇಕಾಲಜಿಲಿ ಪೋಸ್ಟ್‌ಡಾಕ್: ಏನು, ಯಾಕೆ, ಎಲ್ಲಿ ಹುಡುಕೋದು

ಇಕಾಲಜಿಲಿ ರಿಸರ್ಚ್ ಮಾಡ್ತೀನಿ ಅಂದ ತಕ್ಷಣ ಮದುವೆ ಮನೇಲಿ ಪಕ್ಕದಲ್ಲಿ ಕೂತ ನೆಂಟರು ಕೇಳೋದು ಒಂದೇ, "ಹಂಗಾದ್ರೆ ಹುಲಿ ನೋಡಿದೀಯಾ?" ಥಿಯರಿ, ಅಂದ್ರೆ ಜೀವಿಗಳ ಸಂಖ್ಯೆಯ ಏರಿಳಿತನ ಗಣಿತದಲ್ಲಿ ಲೆಕ್ಕ ಹಾಕೋ ಕೆಲಸ, ಮಾಡೋರು ಇದಕ್ಕೆ ಏನಂತ ಹೇಳ್ಬೇಕು, ವರ್ಷಪೂರ್ತಿ ನೋಡೋದು ಸ್ಕ್ರೀನ್ ಮೇಲಿನ ಗ್ರಾಫ್‌ಗಳನ್ನ. ಪಿಎಚ್‌ಡಿ ಮುಗೀತು, ಈಗ ಪೋಸ್ಟ್‌ಡಾಕ್‌ಗೆ ಹೋಗ್ತಿದೀನಿ ಅಂದ್ರೆ "ಅಯ್ಯೋ, ಇನ್ನೂ ಓದೋದಿದ್ಯಾ?" ಅನ್ನೋ ಮರುಕ ಬೇರೆ. ಎರಡಕ್ಕೂ ಸರಿಯಾಗಿ ಉತ್ತರ ಕೊಡೋಣ ಅಂತ ಇದನ್ನ ಬರೀತಿದೀನಿ. ಫಿಸಿಕ್ಸೋ ಮ್ಯಾಥ್ಸೋ ಪಿಎಚ್‌ಡಿ ಕೊನೇ ವರ್ಷದಲ್ಲಿ ಮುಂದೇನು ಅಂತ ತಲೆ ಕೆಡಿಸ್ಕೊಂಡಿರೋರಿಗೂ, ಕಾಡಲ್ಲಿ ಐದಾರು ವರ್ಷ ಡೇಟಾ ಸೇರಿಸಿ ಈಗ ಅದನ್ನ ಏನ್ ಮಾಡೋದು ಅಂತ ಕೂತಿರೋರಿಗೂ ಉಪಯೋಗ ಆಗ್ಬಹುದು.

ಪೋಸ್ಟ್‌ಡಾಕ್ ಡಿಗ್ರಿ ಅಲ್ಲ, ಕೆಲಸ. ಸಂಬಳ ಬರುತ್ತೆ, ಪರೀಕ್ಷೆ ಇಲ್ಲ, ಸರ್ಟಿಫಿಕೇಟೂ ಇಲ್ಲ. ಪಿಎಚ್‌ಡಿ ಆದ್ಮೇಲೆ ಒಂದರಿಂದ ಮೂರು ವರ್ಷ ಒಬ್ಬ ಪ್ರೊಫೆಸರ್ ಗುಂಪಲ್ಲಿ ಇದ್ಕೊಂಡು ಪೂರ್ತಿ ರಿಸರ್ಚ್ ಮಾತ್ರ ಮಾಡೋದು, ಆಮೇಲೆ ಸ್ವಂತ ಲ್ಯಾಬ್ ಶುರು ಮಾಡೋಕೆ ಅರ್ಜಿ ಹಾಕೋದು, ಇದು ಎಲ್ಲಾ ವಿಜ್ಞಾನದಲ್ಲೂ ಇರೋ ದಾರಿ. ಆದ್ರೆ ಥಿಯರಿಟಿಕಲ್ ಇಕಾಲಜಿ ಮತ್ತೆ ಪಾಪ್ಯುಲೇಶನ್ ಬಯಾಲಜಿಲಿ ಪೋಸ್ಟ್‌ಡಾಕ್‌ಗೆ ಇನ್ನೊಂದು ಕೆಲಸ ಇದೆ: ಬೇರೆ ಕಡೆಯಿಂದ ಬಂದೋರು ಈ ಕ್ಷೇತ್ರದ ಒಳಗೆ ಕಾಲಿಡೋ ಬಾಗಿಲೇ ಇದು. ಅದಕ್ಕೇ ನಾನು ಕೇಳಿದೋರಿಗೆಲ್ಲ ಹೇಳೋದು, ಪಿಎಚ್‌ಡಿಲಿ ಕಲಿತಿದ್ದನ್ನೇ ಇನ್ನೆರಡು ವರ್ಷ ಮಾಡೋಕೆ ಪೋಸ್ಟ್‌ಡಾಕ್ ತಗೋಬೇಡಿ, ನಿಮ್ಮ ಹತ್ರ ಯಾವುದು ಇಲ್ವೋ ಅದು ಇರೋ ಕಡೆ ಹೋಗಿ. ಈ ಮಾತು ಯಾಕೆ ಅಂತ ಗೊತ್ತಾಗ್ಬೇಕಂದ್ರೆ ಈ ಕ್ಷೇತ್ರ ಹುಟ್ಟಿದ್ದು ಹೇಗೆ ಅಂತ ಸ್ವಲ್ಪ ನೋಡ್ಬೇಕು.

ಮೊದಲನೇ ಮಹಾಯುದ್ಧದ ಟೈಮಲ್ಲಿ ಇಟಲಿ ಪಕ್ಕದ ಏಡ್ರಿಯಾಟಿಕ್ ಸಮುದ್ರದಲ್ಲಿ ಮೀನುಗಾರಿಕೆ ಹೆಚ್ಚುಕಮ್ಮಿ ನಿಂತೇ ಹೋಗಿತ್ತು. ಯುದ್ಧ ಮುಗಿದ್ಮೇಲೆ ಉಂಬರ್ಟೊ ಡಾಂಕೋನಾ ಅನ್ನೋ ಜೀವಶಾಸ್ತ್ರಜ್ಞ ಟ್ರಿಯೆಸ್ಟ್, ಫಿಯೂಮೆ, ವೆನಿಸ್ ಮಾರ್ಕೆಟ್‌ಗಳ ಮೀನಿನ ಲೆಕ್ಕ ತೆಗೆದು ನೋಡಿದ್ರೆ ವಿಚಿತ್ರ. ಫಿಯೂಮೆಲಿ 1914ರಲ್ಲಿ ಬಲೆಗೆ ಬಿದ್ದಿದ್ದರಲ್ಲಿ ಶಾರ್ಕು, ತೊರಕೆ ತರದ ಬೇಟೆಯಾಡೋ ಮೀನುಗಳ ಪಾಲು 11.9% ಇದ್ದಿದ್ದು 1918ಕ್ಕೆ 36.4% ಆಗಿತ್ತು. ಮೀನು ಹಿಡಿಯೋದು ಕಮ್ಮಿ ಆದ್ರೆ ಎಲ್ಲಾ ಮೀನೂ ಜಾಸ್ತಿ ಆಗ್ಬೇಕಲ್ವಾ, ಬೇರೆ ಮೀನನ್ನ ತಿನ್ನೋ ಮೀನಿಗೆ ಮಾತ್ರ ಯಾಕೆ ಲಾಭ? ಡಾಂಕೋನಾ ಈ ಪ್ರಶ್ನೆ ತಗೊಂಡು ಹೋಗಿದ್ದು ಮಾವ ವಿಟೊ ವೋಲ್ಟೆರಾ ಹತ್ರ, ಅವರು ಅಪ್ಪಟ ಗಣಿತಜ್ಞ. 1926ರಲ್ಲಿ ಅವರು ಎರಡು ಸಮೀಕರಣ ಬರೆದ್ರು, ಒಂದು ಬೇಟೆಗೆ, ಇನ್ನೊಂದು ಬೇಟೆಗಾರನಿಗೆ. ಅಮೆರಿಕದಲ್ಲಿ ಆಲ್ಫ್ರೆಡ್ ಲೋಟ್ಕಾ ಅದೇ ಸಮೀಕರಣನ 1925ರ ಹೊತ್ತಿಗೆ ಬೇರೆ ದಾರೀಲಿ ಮುಟ್ಟಿದ್ರು, ಅದಕ್ಕೇ ಅದಕ್ಕೆ ಲೋಟ್ಕಾ-ವೋಲ್ಟೆರಾ ಅಂತ ಹೆಸರು.

ಆ ಸಮೀಕರಣ ಬಿಡಿಸಿದ್ರೆ ಬರೋದು ತಲೆಕೆಳಗಾದ ಉತ್ತರ. ಬೇಟೆಯಾಡೋ ಮೀನುಗಳ ಸರಾಸರಿ ಸಂಖ್ಯೆ ನಿಂತಿರೋದು ಅವು ತಿನ್ನೋ ಸಣ್ಣ ಮೀನು ಸಂಖ್ಯೆಯಲ್ಲಿ ಎಷ್ಟು ವೇಗವಾಗಿ ಬೆಳೆಯುತ್ತೆ ಅನ್ನೋದರ ಮೇಲೆ, ಸಣ್ಣ ಮೀನುಗಳ ಸರಾಸರಿ ನಿಂತಿರೋದು ಬೇಟೆಯಾಡೋ ಮೀನು ಎಷ್ಟು ವೇಗವಾಗಿ ಸಾಯುತ್ತೆ ಅನ್ನೋದರ ಮೇಲೆ. ಬಲೆ ಎರಡನ್ನೂ ಹಿಡಿಯುತ್ತೆ, ಅಂದ್ರೆ ಸಣ್ಣ ಮೀನಿನ ಬೆಳವಣಿಗೆ ಇಳಿಯುತ್ತೆ, ದೊಡ್ಡದರ ಸಾವು ಏರುತ್ತೆ, ಒಟ್ಟಾರೆ ಸಣ್ಣ ಮೀನಿಗೆ ಲಾಭ. ಬಲೆ ನಿಂತ್ರೆ ಎಲ್ಲಾ ಉಲ್ಟಾ, ಶಾರ್ಕಿಗೆ ಹಬ್ಬ. ಹೊಲದಲ್ಲಿ ಕೀಟನೂ ಕೀಟ ತಿನ್ನೋ ಹುಳನೂ ಎರಡೂ ಸಾಯೋ ಔಷಧಿ ಹೊಡೆದ್ರೆ ಕೊನೆಗೆ ಕೀಟನೇ ಜಾಸ್ತಿ ಆಗ್ಬಹುದು ಅನ್ನೋದಕ್ಕೂ ಇದೇ ಲೆಕ್ಕ. ಒಂದು ಮೀನೂ ಹಿಡೀದೆ ಪೆನ್ನು ಪೇಪರಲ್ಲಿ ಬಂದಿದ್ದಿದು, ಆದ್ರೆ ಮಾರ್ಕೆಟ್ಟಿನ ಆ ಲೆಕ್ಕ ಇಲ್ಲದೇ ಹೋಗಿದ್ರೆ ಈ ಪ್ರಶ್ನೆನೇ ಹುಟ್ತಿರ್ಲಿಲ್ಲ ಅನ್ನೋದನ್ನ ಮರೀಬೇಡಿ.

ಎರಡನೇ ಹೆಸರು ರಾಬರ್ಟ್ ಮೇ. ಸಿಡ್ನಿಯವರು, ಪಿಎಚ್‌ಡಿ ಮಾಡಿದ್ದು ಫಿಸಿಕ್ಸಲ್ಲಿ, ಸೂಪರ್‌ಕಂಡಕ್ಟಿವಿಟಿ ಮೇಲೆ. 1970ರ ದಶಕದ ಶುರುವಲ್ಲಿ ಇಕಾಲಜಿಗೆ ಬಂದು 1973ರಲ್ಲಿ ಪ್ರಿನ್ಸ್‌ಟನ್‌ನಲ್ಲಿ ಪ್ರಾಣಿಶಾಸ್ತ್ರದ ಪ್ರೊಫೆಸರೇ ಆಗ್ಬಿಟ್ರು. ಅಲ್ಲಿವರೆಗೆ ಎಲ್ಲರ ನಂಬಿಕೆ ಏನಿತ್ತಂದ್ರೆ ಕಾಡಲ್ಲಿ ಜಾತಿಗಳು ಜಾಸ್ತಿ ಇದ್ದಷ್ಟೂ ಅದು ಗಟ್ಟಿ. ಮೇ 1972ರಲ್ಲಿ ಒಂದು ಸಣ್ಣ ಲೆಕ್ಕ ಮಾಡಿ ಇದನ್ನ ಅಲುಗಾಡಿಸಿದ್ರು. 100 ಜಾತಿ ಇದೆ ಅಂದ್ಕೊಳ್ಳಿ, ಯಾವುದೇ ಎರಡರ ನಡುವೆ ತಿನ್ನೋದೋ ಪೈಪೋಟಿನೋ ಏನೋ ಒಂದು ಸಂಬಂಧ ಇರೋ ಸಾಧ್ಯತೆ 10%, ಸಂಬಂಧಗಳನ್ನ ಕಣ್ಮುಚ್ಚಿ ಹಂಚಿದೀವಿ. 100 ಇಂಟು 0.1 ಅಂದ್ರೆ 10, ಅದರ ವರ್ಗಮೂಲ ಹತ್ರಹತ್ರ 3.16. ಒಂದನ್ನ ಅದರಿಂದ ಭಾಗಿಸಿದ್ರೆ 0.32. ಜಾತಿಗಳು ಒಂದರ ಮೇಲೊಂದು ಬೀರೋ ಪ್ರಭಾವ ಇದಕ್ಕಿಂತ ಜೋರಾದ್ರೆ ಇಡೀ ವ್ಯವಸ್ಥೆ ಅಲ್ಲಾಡುತ್ತೆ. 400 ಜಾತಿ ಇದ್ರೆ ಆ ಮಿತಿ 0.16ಕ್ಕೆ ಇಳಿಯುತ್ತೆ. ಅಂದ್ರೆ ಜಾತಿ ಜಾಸ್ತಿ ಆದಷ್ಟೂ ಕುಸಿಯೋದು ಸುಲಭ! ಹಾಗಾದ್ರೆ ಪಶ್ಚಿಮಘಟ್ಟ ಹೇಗೆ ನಿಂತಿದೆ? ಉತ್ತರ ಏನಂದ್ರೆ ನಿಜವಾದ ಕಾಡಲ್ಲಿ ಸಂಬಂಧಗಳು ಕಣ್ಮುಚ್ಚಿ ಹಂಚಿದ್ದಲ್ಲ, ಅದಕ್ಕೊಂದು ರಚನೆ ಇದೆ, ಆ ರಚನೆ ಯಾವುದು ಅಂತ ಹುಡುಕೋದೇ ಐವತ್ತು ವರ್ಷದಿಂದ ನಡೀತಿರೋ ಕೆಲಸ. 2012ರಲ್ಲಿ ಸ್ಟೆಫಾನೊ ಅಲೆಸೀನಾ ಮತ್ತೆ ಸಿ ಟಾಂಗ್ ಅದೇ ಲೆಕ್ಕನ ವಿಸ್ತರಿಸಿ, ಸಂಬಂಧಗಳು ತಿನ್ನೋರು-ತಿನ್ನಿಸ್ಕೊಳ್ಳೋರು ಅನ್ನೋ ತರ ಜೋಡಿ ಆಗಿದ್ರೆ ವ್ಯವಸ್ಥೆ ಎಷ್ಟೋ ಹೆಚ್ಚು ತಡ್ಕೊಳ್ಳುತ್ತೆ ಅಂತ ತೋರಿಸಿದ್ರು. ಇವತ್ತು ಫಿಸಿಕ್ಸ್‌ನವರಿಗೆ ಅಂತ ಬರೋ ಪೋಸ್ಟ್‌ಡಾಕ್ ಜಾಹೀರಾತುಗಳಲ್ಲಿ ಒಂದು ದೊಡ್ಡ ಪಾಲು ಇದೇ ಸಾಲಿನದ್ದು, ಕಾಡಿನ ಬದಲು ಹೊಟ್ಟೆಯೊಳಗಿನ ಬ್ಯಾಕ್ಟೀರಿಯಾ ಸಮುದಾಯ ಬಂದಿದೆ ಅಷ್ಟೇ, ಯಾಕಂದ್ರೆ ಅಲ್ಲಿ ಜಾತಿ ನೂರಾರು, ಡೇಟಾ ಬೇಕಾದಷ್ಟು.

ಮೇ ಅವರ ಇನ್ನೊಂದು ಕೆಲಸನ ಮೊಬೈಲ್ ಕ್ಯಾಲ್ಕುಲೇಟರಲ್ಲೇ ಮಾಡಿ ನೋಡ್ಬಹುದು, ದಯವಿಟ್ಟು ಮಾಡಿ. ಒಂದು ಜಾಗದಲ್ಲಿ ಹೆಚ್ಚೆಂದ್ರೆ ಎಷ್ಟು ಹುಳ ಇರ್ಬಹುದೋ ಅದನ್ನ 1 ಅಂತ ಇಟ್ಕೊಳ್ಳಿ, ಈ ವರ್ಷ 0.2 ತುಂಬಿದೆ. ಮುಂದಿನ ವರ್ಷಕ್ಕೆ, 0.2ನ ಖಾಲಿ ಇರೋ 0.8ರಿಂದ ಗುಣಿಸಿ, ಬಂದಿದ್ದನ್ನ ಬೆಳವಣಿಗೆ ದರದಿಂದ ಗುಣಿಸಿ, ಹೀಗೇ ಪ್ರತಿ ವರ್ಷನೂ. ದರ 2 ಆದ್ರೆ 0.32, 0.435, 0.492 ಆಗಿ 0.5ಕ್ಕೆ ಬಂದು ತೆಪ್ಪಗೆ ನಿಲ್ಲುತ್ತೆ. ದರ 3.2 ಆದ್ರೆ ನಿಲ್ಲಲ್ಲ, ಒಂದು ವರ್ಷ 0.80, ಮುಂದಿನ ವರ್ಷ 0.51, ಮತ್ತೆ 0.80. ದರ 3.57 ದಾಟಿದ್ರೆ ಹೆಚ್ಚಿನ ಕಡೆ ಯಾವ ಲಯನೂ ಇಲ್ಲ, ಲಾಟರಿ ನಂಬರ್ ತರ ಕಾಣುತ್ತೆ, ಆದ್ರೆ ಲಾಟರಿ ಎಲ್ಲೂ ಇಲ್ಲ, ಸೂತ್ರ ಅದೇ ಒಂದು ಸಾಲಿಂದು. 1976ರಲ್ಲಿ ಮೇ ಇದನ್ನ ಬರೆದಾಗ ಇಕಾಲಜಿಸ್ಟ್‌ಗಳಿಗೆ ಆದ ತಲೆನೋವು ಏನಂದ್ರೆ ಫೀಲ್ಡಲ್ಲಿ ಸಂಖ್ಯೆ ಏರಿಳಿತ ಕಂಡ್ರೆ ಅದು ಮಳೆ ಚಳಿಯಿಂದ ಆಗಿದ್ದೋ ಅಥವಾ ಜೀವಿಗಳ ಒಳಗಿನ ಲೆಕ್ಕದಿಂದಲೇ ಆಗಿದ್ದೋ ಅಂತ ಹೇಗೆ ಹೇಳೋದು?

ಇಲ್ಲಿಗೆ ನಮ್ಮ ಬೆಂಗಳೂರು ಬರುತ್ತೆ. ಜಕ್ಕೂರಿನ ಜವಾಹರಲಾಲ್ ನೆಹರು ಸೆಂಟರ್‌ನಲ್ಲಿ ಅಮಿತಾಭ್ ಜೋಶಿ ಅವರ ಲ್ಯಾಬಲ್ಲಿ ಹಣ್ಣಿನ ನೊಣ ಸಾಕ್ತಾರೆ, ಬಾಳೆಹಣ್ಣಿನ ಮೇಲೆ ಕೂರೋ ಆ ಸಣ್ಣ ನೊಣನೇ. ಮರಿಹುಳಕ್ಕೆ ಊಟ ಕಮ್ಮಿ, ದೊಡ್ಡ ನೊಣಕ್ಕೆ ಈಸ್ಟ್ ಧಾರಾಳ ಕೊಟ್ರೆ ಏನಾಗುತ್ತೆ, ದೊಡ್ಡವು ರಾಶಿ ಮೊಟ್ಟೆ ಇಡ್ತವೆ, ಮರಿಗಳಿಗೆ ಊಟ ಸಾಲಲ್ಲ, ಮುಂದಿನ ತಲೆಮಾರು ಕುಸಿದು ಬೀಳುತ್ತೆ, ಆಮೇಲೆ ಮತ್ತೆ ಏರುತ್ತೆ, ಥೇಟ್ ಮೇ ಹೇಳಿದ ಜಿಗಿದಾಟ. ಸುತೀರ್ಥ ಡೇ ಮತ್ತೆ ಜೋಶಿ ಇಂಥ ಸೀಸೆಗಳನ್ನ ಪಕ್ಕಪಕ್ಕ ಜೋಡಿಸಿ, ಪಕ್ಕದ ಸೀಸೆಗೆ ನೊಣ ವಲಸೆ ಹೋಗೋ ಹಾಗೆ ಮಾಡಿದ್ರು, ಕೆಲವಕ್ಕೆ 10%, ಕೆಲವಕ್ಕೆ 30%. ಜಾಸ್ತಿ ವಲಸೆ ಇದ್ರೆ ಒಳ್ಳೇದು ಅಂತ ಅನ್ಸುತ್ತೆ ಅಲ್ವಾ? ಆಗಿದ್ದು ಬೇರೆ. ವಲಸೆ ಜಾಸ್ತಿ ಆದಾಗ ಎಲ್ಲಾ ಸೀಸೆ ಒಟ್ಟಿಗೆ ಏರಿ ಒಟ್ಟಿಗೆ ಬಿದ್ವು, ಕಮ್ಮಿ ಇದ್ದಾಗ ಒಂದು ಬಿದ್ರೆ ಇನ್ನೊಂದು ಎದ್ದು ಒಟ್ಟು ಸಂಖ್ಯೆ ಸಮ ಇತ್ತು. ಊರಿನ ಅಂಗಡಿಗಳೆಲ್ಲ ಒಂದೇ ದಿನ ರಜೆ ಹಾಕಿದ್ರೆ ಹಾಲು ಸಿಗಲ್ಲ, ಒಂದೊಂದು ಒಂದೊಂದು ದಿನ ಹಾಕಿದ್ರೆ ಗೊತ್ತೇ ಆಗಲ್ಲ, ಹಾಗೆ. ಇದು 2006ರಲ್ಲಿ ಸೈನ್ಸ್ ಪತ್ರಿಕೇಲಿ ಬಂತು. ತುಂಡು ತುಂಡಾದ ಕಾಡುಗಳ ನಡುವೆ ಕಾರಿಡಾರ್ ಮಾಡೋ ಮಾತು ಬಂದಾಗಲೆಲ್ಲ ನೆನಪಿಟ್ಕೋಬೇಕಾದ ಫಲಿತಾಂಶ ಇದು, ಕಾರಿಡಾರ್ ಬೇಡ ಅಂತಲ್ಲ, ಎಷ್ಟು ಓಡಾಟ ಅನ್ನೋದೂ ಲೆಕ್ಕಕ್ಕೆ ಬರುತ್ತೆ ಅಂತ.

ಪಾಪ್ಯುಲೇಶನ್ ಬಯಾಲಜಿ ಅನ್ನೋದು ಇದರ ಪಕ್ಕದ ಮನೆ. ಇಲ್ಲಿ ಪ್ರಶ್ನೆ ಒಂದು ಜಾತಿಯ ಸಂಖ್ಯೆ ಮೇಲೆ: ಎಷ್ಟಿವೆ, ಯಾವ ವಯಸ್ಸಲ್ಲಿ ಸಾಯ್ತಿವೆ, ಎಲ್ಲಿ ಕೈ ಇಟ್ರೆ ಉಳೀತವೆ. ನಂಗೆ ತುಂಬಾ ಇಷ್ಟ ಆದ ಉದಾಹರಣೆ ಅಮೆರಿಕದ ಲಾಗರ್‌ಹೆಡ್ ಕಡಲಾಮೆಯದ್ದು. ಎಲ್ಲರೂ ಬೀಚಲ್ಲಿ ಮೊಟ್ಟೆ ಕಾಯ್ತಿದ್ರು. 1987ರಲ್ಲಿ ಡೆಬೊರಾ ಕ್ರೌಸ್, ಲ್ಯಾರಿ ಕ್ರೌಡರ್, ಹಾಲ್ ಕ್ಯಾಸ್ವೆಲ್ ಆಮೆ ಬದುಕನ್ನ ಹಂತ ಹಂತವಾಗಿ ಒಂದು ಮ್ಯಾಟ್ರಿಕ್ಸಲ್ಲಿ ಹಾಕಿ ಲೆಕ್ಕ ಮಾಡಿದ್ರು, ಪಿಯುಸಿಲಿ ನಾವು ಯಾಕೆ ಓದ್ತಿದೀವಿ ಅಂತ ಗೊತ್ತಿಲ್ಲದೇ ಗುಣಿಸ್ತಿದ್ವಲ್ಲ ಅದೇ ಮ್ಯಾಟ್ರಿಕ್ಸ್. ಮೊದಲ ವರ್ಷದಲ್ಲಿ ಮೊಟ್ಟೆ ಮರಿ ಒಂದೂ ಸಾಯದೇ ಇದ್ರೂ ಸಂತತಿ ಇಳೀತಾನೇ ಇರುತ್ತೆ, ಆದ್ರೆ ಸಮುದ್ರದಲ್ಲಿರೋ ಅರೆ ಬೆಳೆದ ಆಮೆಗಳು ಸಾಯೋದು ಕಮ್ಮಿ ಆದ್ರೆ ಮೇಲೆ ಬರುತ್ತೆ ಅಂತ ಉತ್ತರ ಬಂತು. ಆ ಆಮೆಗಳು ಸಾಯ್ತಿದ್ದಿದ್ದು ಸಿಗಡಿ ಟ್ರಾಲ್ ಬಲೆಯಲ್ಲಿ. ಹಾಗಾಗಿ ಬಲೆಯಿಂದ ಆಮೆ ಆಚೆ ಹೋಗೋಕೆ ದಾರಿ ಇರೋ ಸಾಧನ, ಟೆಡ್ ಅಂತಾರೆ, ಅದನ್ನ ಹಾಕ್ಲೇಬೇಕು ಅನ್ನೋ ವಾದಕ್ಕೆ ದೊಡ್ಡ ಬಲ ಸಿಕ್ತು. ಆಮೇಲೆ ಅಮೆರಿಕ ಟೆಡ್ ಇಲ್ಲದ ದೇಶಗಳ ಸಿಗಡಿ ಬೇಡ ಅಂದಾಗ ಭಾರತ, ಮಲೇಷ್ಯಾ, ಪಾಕಿಸ್ತಾನ, ಥಾಯ್ಲೆಂಡ್ ವಿಶ್ವ ವಾಣಿಜ್ಯ ಸಂಸ್ಥೆಗೆ ದೂರು ಕೊಟ್ಟು, 1998ರಲ್ಲಿ ತೀರ್ಪು ಬಂದಿದ್ದು ಬೇರೆ ಕಥೆ. ಮಲ್ಪೆ, ಮಂಗಳೂರಿನ ಟ್ರಾಲ್ ಬೋಟಿನವರಿಗೂ ಈ ಟೆಡ್ ಮಾತು ಹೊಸದೇನಲ್ಲ, ಅದರ ಹಿಂದೆ ಒಂದು ಮ್ಯಾಟ್ರಿಕ್ಸ್ ಇದೆ ಅನ್ನೋದು ಮಾತ್ರ ಹೆಚ್ಚಿನವರಿಗೆ ಗೊತ್ತಿರಲ್ಲ.

ಹುಲಿ ಎಣಿಸೋದೂ ಇದೇ ಜಾತಿ ಕೆಲಸ. ನಾಗರಹೊಳೆಲಿ ಉಲ್ಲಾಸ ಕಾರಂತರು ಕ್ಯಾಮೆರಾ ಟ್ರ್ಯಾಪ್ ಫೋಟೋದಲ್ಲಿ ಪಟ್ಟೆ ನೋಡಿ ಒಂದೊಂದು ಹುಲಿನ ಗುರುತಿಸಿ, ಅದನ್ನ ಕ್ಯಾಪ್ಚರ್-ರೀಕ್ಯಾಪ್ಚರ್ ಲೆಕ್ಕಕ್ಕೆ ಜೋಡಿಸಿ 1995ರಲ್ಲಿ ಪ್ರಕಟಿಸಿದ್ರು. ಸುಮ್ನೆ ಉದಾಹರಣೆಗೆ, ಮೊದಲ ಸುತ್ತಲ್ಲಿ 20 ಹುಲಿ ಸಿಕ್ವು, ಎರಡನೇ ಸುತ್ತಲ್ಲಿ 25, ಅದರಲ್ಲಿ 10 ಹಳೇ ಮುಖ. 20 ಇಂಟು 25 ಬೈ 10, ಒಟ್ಟು ಸುಮಾರು 50. ನಿಜವಾದ ಲೆಕ್ಕ ಇಷ್ಟು ಸುಲಭ ಇಲ್ಲ, ಕೆಲವು ಹುಲಿ ಕ್ಯಾಮೆರಾ ಕಡೆ ಬರೋದೇ ಕಮ್ಮಿ, ಜಾಗದ ಅಂಚಿನ ಸಮಸ್ಯೆ ಬೇರೆ. ಆ "ಇಷ್ಟು ಸುಲಭ ಇಲ್ಲ" ಅನ್ನೋ ಜಾಗದಲ್ಲೇ ಸ್ಟಾಟಿಸ್ಟಿಕ್ಸ್ ಗೊತ್ತಿರೋ ಪೋಸ್ಟ್‌ಡಾಕ್‌ಗಳಿಗೆ ಕೆಲಸ ಇರೋದು.

ಈಗ ದುಡ್ಡಿನ ವಿಷಯ. ಪೋಸ್ಟ್‌ಡಾಕ್‌ಗೆ ಸಂಬಳ ಎರಡು ಕಡೆಯಿಂದ ಬರುತ್ತೆ, ಈ ವ್ಯತ್ಯಾಸ ಗೊತ್ತಿಲ್ಲದೇ ತುಂಬಾ ಜನ ಅರ್ಜಿ ಹಾಕ್ತಾರೆ. ಒಂದು, ಪ್ರೊಫೆಸರ್‌ಗೆ ಒಂದು ಪ್ರಾಜೆಕ್ಟ್ ಗ್ರಾಂಟ್ ಬಂದಿರುತ್ತೆ, ಅದರಲ್ಲಿ ಒಬ್ಬರನ್ನ ತಗೊಳ್ತಾರೆ, ಅಲ್ಲಿ ಪ್ರಶ್ನೆ ಅವರದ್ದು, ಕೆಲಸ ನಿಮ್ಮದು. ಎರಡು, ನೀವೇ ಪ್ರಪೋಸಲ್ ಬರೆದು ಫೆಲೋಶಿಪ್ ಗೆಲ್ಲೋದು, ಅಲ್ಲಿ ಪ್ರಶ್ನೆನೂ ನಿಮ್ಮದೇ, ಮುಂದೆ ಹೋಗುವಾಗ ಅದನ್ನ ತಗೊಂಡೂ ಹೋಗ್ಬಹುದು. ಥಿಯರಿಯವರಿಗೆ ಎರಡನೇದು ಜಾಸ್ತಿ ಒಗ್ಗುತ್ತೆ ಅನ್ನೋದು ನನ್ನ ಲೆಕ್ಕ, ಯಾಕಂದ್ರೆ ನಮಗೆ ಮೆಷಿನ್ ಬೇಡ, ಲ್ಯಾಪ್‌ಟಾಪ್ ಮತ್ತೆ ಒಳ್ಳೆ ಜನ ಸಾಕು.

ಇಲ್ಲೇ ಇರೋರಿಗೆ ರಿಸರ್ಚ್‌ಗೆ ದುಡ್ಡು ಕೊಡೋ ಕೇಂದ್ರ ಸರ್ಕಾರದ ಸಂಸ್ಥೆ ಎಎನ್‌ಆರ್‌ಎಫ್‌ನ ನ್ಯಾಷನಲ್ ಪೋಸ್ಟ್‌ಡಾಕ್ಟೋರಲ್ ಫೆಲೋಶಿಪ್ ಇದೆ, ಮುಂಚೆ ಎಸ್‌ಇಆರ್‌ಬಿ ಅಂತ ಇತ್ತಲ್ಲ ಅದೇ. ಎರಡು ವರ್ಷದ್ದು, ವಯಸ್ಸು 35ರ ಒಳಗೆ, ಮಹಿಳೆಯರಿಗೂ ಮೀಸಲಾತಿ ವರ್ಗದವರಿಗೂ ಐದು ವರ್ಷ ರಿಯಾಯಿತಿ, ಮೊದಲೇ ಒಬ್ಬ ಮೆಂಟರ್ ಒಪ್ಪಿರ್ಬೇಕು. ಐಐಎಸ್‌ಸಿಲಿ ಸಿ.ವಿ. ರಾಮನ್ ಹೆಸರಿನ ಪೋಸ್ಟ್‌ಡಾಕ್ ಇದೆ. ಬೆಂಗಳೂರು ಈ ವಿಷಯಕ್ಕೆ ಎಷ್ಟು ಅನುಕೂಲ ಅಂದ್ರೆ ಐಐಎಸ್‌ಸಿ, ಜೆಎನ್‌ಸಿಎಎಸ್‌ಆರ್, ಎನ್‌ಸಿಬಿಎಸ್, ಐಸಿಟಿಎಸ್, ಏಟ್ರೀ ಅನ್ನೋ ರಿಸರ್ಚ್ ಸಂಸ್ಥೆಗಳೆಲ್ಲಾ ಒಂದೇ ಊರಲ್ಲಿವೆ, ಟ್ರಾಫಿಕ್ ಒಂದು ಬಿಟ್ರೆ. ಐಐಎಸ್‌ಸಿಯ ಸೆಂಟರ್ ಫಾರ್ ಇಕಲಾಜಿಕಲ್ ಸೈನ್ಸಸ್ 1983ರಲ್ಲಿ ಶುರು ಮಾಡಿದ ಮಾಧವ ಗಾಡ್ಗೀಳರು ಹಾರ್ವರ್ಡಲ್ಲಿ ಪಿಎಚ್‌ಡಿ ಮಾಡಿದ್ದೇ ಗಣಿತದ ಇಕಾಲಜಿಲಿ, ಹಾಗಾಗಿ ಅಲ್ಲಿ ಥಿಯರಿಗೆ ಮೊದಲಿಂದಲೂ ಮರ್ಯಾದೆ. ಅಲ್ಲಿನ ವಿಶ್ವೇಶ ಗುತ್ತಲ್ ಓದಿದ್ದು ಫಿಸಿಕ್ಸ್, ಸರೋವರ, ಹುಲ್ಲುಗಾವಲು ಇದ್ದಕ್ಕಿದ್ದಂಗೆ ಕುಸಿಯೋ ಮುಂಚೆ ಡೇಟಾದಲ್ಲಿ ಏನು ಸುಳಿವು ಸಿಗುತ್ತೆ ಅನ್ನೋದರ ಮೇಲೆ ಕೆಲಸ ಮಾಡಿದೋರು, ಪ್ರಿನ್ಸ್‌ಟನ್‌ನಲ್ಲಿ ಪೋಸ್ಟ್‌ಡಾಕ್ ಮುಗಿಸಿ ವಾಪಸ್ ಬಂದೋರು. ಡೇಟಾ ಬೇಕು ಅನ್ನೋ ಥಿಯರಿಯವರಿಗೆ ಅದೇ ಸೆಂಟರಿನವರು 1988ರಿಂದ ನೋಡ್ಕೊಂಡು ಬಂದಿರೋ ಮುದುಮಲೆಯ 50 ಹೆಕ್ಟೇರ್ ಪ್ಲಾಟ್ ಇದೆ, 1 ಸೆಂಟಿಮೀಟರ್‌ಗಿಂತ ದಪ್ಪ ಇರೋ ಪ್ರತಿ ಕಾಂಡಕ್ಕೂ ನಂಬರ್ ಹಾಕಿದ್ದಾರೆ.

ಆಚೆ ಹೋಗೋರಿಗೆ ಯುರೋಪಿನ ಮರಿ ಕ್ಯೂರಿ ಫೆಲೋಶಿಪ್ ದೊಡ್ಡದು, ಯಾವ ದೇಶದವರಾದ್ರೂ ಹಾಕ್ಬಹುದು, ಪಿಎಚ್‌ಡಿ ಆಗಿ ಎಂಟು ವರ್ಷದ ಒಳಗಿರ್ಬೇಕು, ಹೋಗೋ ದೇಶದಲ್ಲಿ ಹಿಂದಿನ 36 ತಿಂಗಳಲ್ಲಿ 12 ತಿಂಗಳಿಗಿಂತ ಜಾಸ್ತಿ ಇದ್ದಿರಬಾರ್ದು. ಪೈಪೋಟಿ ಭಯಂಕರ. ಜರ್ಮನಿಯ ಹಂಬೋಲ್ಟ್‌ಗೆ ಪಿಎಚ್‌ಡಿ ಆಗಿ ನಾಲ್ಕು ವರ್ಷದ ಒಳಗೆ ಹಾಕ್ಬೇಕು, ವರ್ಷದಲ್ಲಿ ಯಾವಾಗ ಬೇಕಾದ್ರೂ ಹಾಕ್ಬಹುದು. ಫಿಸಿಕ್ಸ್, ಮ್ಯಾಥ್ಸ್, ಕಂಪ್ಯೂಟರ್ ಸೈನ್ಸ್ ಪಿಎಚ್‌ಡಿಯವರು ಮಾತ್ರ ತಪ್ಪಿಸ್ಕೊಳ್ಳಬಾರದ್ದು ಹ್ಯೂಮನ್ ಫ್ರಾಂಟಿಯರ್ ಸೈನ್ಸ್ ಪ್ರೋಗ್ರಾಮಿನ ಕ್ರಾಸ್-ಡಿಸಿಪ್ಲಿನರಿ ಫೆಲೋಶಿಪ್, ಅದು ಇರೋದೇ ಬೇರೆ ವಿಷಯದಿಂದ ಜೀವವಿಜ್ಞಾನಕ್ಕೆ ಬರೋರಿಗೆ, ಮೂರು ವರ್ಷದ್ದು. ಅಮೆರಿಕದ ಎನ್‌ಎಸ್‌ಎಫ್‌ನ ಬಯಾಲಜಿ ಪೋಸ್ಟ್‌ಡಾಕ್ ಫೆಲೋಶಿಪ್ ನೋಡಿ ಆಸೆ ಪಡ್ಬೇಡಿ, ಅದು ಅಲ್ಲಿನ ನಾಗರಿಕರಿಗೂ ಗ್ರೀನ್ ಕಾರ್ಡ್ ಇರೋರಿಗೂ ಮಾತ್ರ, ನಮಗೆ ಅಲ್ಲಿ ದಾರಿ ಅಂದ್ರೆ ಪ್ರೊಫೆಸರ್ ಗ್ರಾಂಟು ಅಥವಾ ಆಯಾ ಯೂನಿವರ್ಸಿಟಿಯ ಸ್ವಂತ ಫೆಲೋಶಿಪ್ಪು. ಸಾಂಟಾ ಫೆ ಇನ್‌ಸ್ಟಿಟ್ಯೂಟ್ ತರದ ಜಾಗಗಳೂ ಇವೆ, ಅಲ್ಲಿ ಬಾಸೇ ಇಲ್ಲದ ಹಾಗೆ ಸ್ವತಂತ್ರವಾಗಿ ಕೆಲಸ ಮಾಡ್ಬಹುದು. ಜರ್ಮನಿಯ ಪ್ಲೋನ್ ಅನ್ನೋ ಸಣ್ಣ ಊರಿನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೇಲಿ ಥಿಯರಿಟಿಕಲ್ ಬಯಾಲಜಿಗೇ ಒಂದು ವಿಭಾಗ ಇದೆ. ಮತ್ತೆ ಟ್ರಿಯೆಸ್ಟಲ್ಲಿ, ಅದೇ ಡಾಂಕೋನಾ ಮೀನಿನ ಲೆಕ್ಕ ತೆಗೆದ ಊರಲ್ಲಿ, ಪಾಕಿಸ್ತಾನದ ಭೌತವಿಜ್ಞಾನಿ ಅಬ್ದುಸ್ ಸಲಾಂ 1964ರಲ್ಲಿ ಕಟ್ಟಿದ ಐಸಿಟಿಪಿ ಅನ್ನೋ ಥಿಯರಿಟಿಕಲ್ ಫಿಸಿಕ್ಸ್ ಸೆಂಟರಲ್ಲಿ ಕ್ವಾಂಟಿಟೇಟಿವ್ ಲೈಫ್ ಸೈನ್ಸಸ್ ವಿಭಾಗ ಇದೆ, ನಮ್ಮಂಥ ದೇಶದವರನ್ನ ಮನಸ್ಸಲ್ಲಿಟ್ಕೊಂಡೇ ಕಟ್ಟಿದ ಜಾಗ ಅದು.

ಪ್ರೊಫೆಸರ್‌ಗೆ ಮೇಲ್ ಬರೆಯುವಾಗ ದಯವಿಟ್ಟು "ನಿಮ್ಮ ಅದ್ಭುತ ಸಂಶೋಧನೆಯಿಂದ ಪ್ರಭಾವಿತನಾಗಿ" ಅಂತ ಶುರು ಮಾಡ್ಬೇಡಿ, ಅಂಥದ್ದು ಅವರಿಗೆ ರಾಶಿ ಬರುತ್ತೆ. ಅವರ ಯಾವುದೋ ಒಂದು ಪೇಪರಲ್ಲಿ ಒಂದು ಊಹೆ ಹಿಡೀರಿ, ಉದಾಹರಣೆಗೆ ಎಲ್ಲಾ ಪ್ರಾಣಿನೂ ಒಂದೇ ತರ ಓಡಾಡ್ತವೆ ಅಂತ ಅಂದ್ಕೊಂಡಿದೀರಿ, ಅದನ್ನ ಬಿಟ್ರೆ ಏನಾಗುತ್ತೆ ಅಂತ ಸಣ್ಣ ಸಿಮ್ಯುಲೇಶನ್ ಮಾಡಿ ಒಂದು ಚಿತ್ರ ಕಳ್ಸಿ, ಕೋಡ್ ಲಿಂಕ್ ಹಾಕಿ. ಆರ್, ಪೈಥಾನ್, ಜೂಲಿಯಾ ಯಾವುದಾದ್ರೂ ನಡೆಯುತ್ತೆ, ಬೇರೆಯವರು ಓದಿ ಅರ್ಥ ಮಾಡ್ಕೊಳ್ಳೋ ಹಾಗಿರ್ಬೇಕು ಅಷ್ಟೇ. ಫೀಲ್ಡ್ ಕಡೆಯಿಂದ ಬರೋರು ನಂಗೆ ಗಣಿತ ಅಷ್ಟಾಗಿ ಬರಲ್ಲ ಅಂತ ಮೊದಲ ಸಾಲಲ್ಲೇ ಕೈ ಮುಗೀಬೇಡಿ, ನಿಮ್ಮ ಹತ್ರ ಹತ್ತು ವರ್ಷದ ಡೇಟಾ ಇದೆ ಅನ್ನೋದು ಥಿಯರಿ ಗುಂಪಿಗೆ ಚಿನ್ನ.

ಆಫರ್ ಬಂದ್ಮೇಲೆ ಕೇಳಲೇಬೇಕಾದ್ದು: ಗ್ರಾಂಟಲ್ಲಿ ಇನ್ನೆಷ್ಟು ತಿಂಗಳ ದುಡ್ಡಿದೆ? ಹೆಚ್ಚಿನ ಕಡೆ ಒಂದು ವರ್ಷ, ಆಮೇಲೆ ನೋಡೋಣ ಅಂತ ಬರೆದಿರುತ್ತೆ, ಆ "ನೋಡೋಣ" ಯಾವುದರ ಮೇಲೆ ನಿಂತಿದೆ ಅಂತ ಬಾಯ್ಬಿಟ್ಟು ಕೇಳಿ. ಇಲ್ಲಿ ಶುರು ಮಾಡಿದ ಪ್ರಶ್ನೆನ ನಾನು ಮುಂದೆ ತಗೊಂಡು ಹೋಗ್ಬಹುದಾ ಅಂತ ಕೇಳಿ. ಅಲ್ಲಿ ಹಿಂದೆ ಇದ್ದ ಇಬ್ಬರು ಮೂವರಿಗೆ ಮೇಲ್ ಮಾಡಿ ಮಾತಾಡಿ, ಅವರು ಈಗ ಎಲ್ಲಿದ್ದಾರೆ ಅನ್ನೋದು ವೆಬ್‌ಸೈಟಿನ ಫೋಟೋಗಿಂತ ಜಾಸ್ತಿ ಹೇಳುತ್ತೆ. ಕೆಲಸದ ವಿಷಯಕ್ಕೆ ಬಂದ್ರೆ, ಭಾರತದಲ್ಲಿ ಥಿಯರಿಟಿಕಲ್ ಇಕಾಲಜಿಸ್ಟ್ ಬೇಕು ಅಂತ ಹೆಸರಿಟ್ಟು ಜಾಹೀರಾತು ಬರೋದು ಅಪರೂಪ, ಬಯಾಲಜಿ, ಫಿಸಿಕ್ಸ್, ಮ್ಯಾಥ್ಸ್ ಮೂರು ವಿಭಾಗಕ್ಕೂ ಹಾಕೋ ತರ ಸಿವಿ ಇಟ್ಕೋಬೇಕಾಗುತ್ತೆ. ಸಾಂಕ್ರಾಮಿಕ ರೋಗದ ಮಾಡೆಲಿಂಗ್ ಕಡೆ ಹೋಗೋರೂ ಇದ್ದಾರೆ, ಕೋವಿಡ್ ಟೈಮಲ್ಲಿ ಟಿವಿಲಿ ತೋರಿಸ್ತಿದ್ದ ಕರ್ವ್‌ಗಳ ಹಿಂದಿನ 1927ರ ಕರ್ಮಾಕ್-ಮೆಕೆಂಡ್ರಿಕ್ ಸಮೀಕರಣ ವೋಲ್ಟೆರಾ ಸಮೀಕರಣದ ಹತ್ತಿರದ ನೆಂಟನೇ.

ಕೊನೇದಾಗಿ ಟೈಮಿಂಗ್. ಮರಿ ಕ್ಯೂರಿ ಗಡುವು ಸಾಮಾನ್ಯವಾಗಿ ಸೆಪ್ಟೆಂಬರ್ ಎರಡನೇ ವಾರ, ಅಂದ್ರೆ ಹೋಸ್ಟ್ ಜೊತೆ ಮಾತು ಯುಗಾದಿ ಹೊತ್ತಿಗೆ ಶುರು ಆಗಿರ್ಬೇಕು, ಗಣೇಶನ ಹಬ್ಬಕ್ಕೆ ಮೇಲ್ ಮಾಡಿದ್ರೆ ಯಾರೂ ಒಪ್ಪಲ್ಲ. ಫಲಿತಾಂಶ ಬರೋದು ಮುಂದಿನ ವರ್ಷದ ಶುರುವಲ್ಲಿ, ಆಮೇಲೆ ವೀಸಾ. ಹಾಗಾಗಿ ಥೀಸಿಸ್ ಸಬ್ಮಿಟ್ ಮಾಡೋಕೆ ಒಂದು ವರ್ಷ ಇರುವಾಗಲೇ ಹುಡುಕೋಕೆ ಶುರು ಮಾಡಿ, ನಡುವೆ ಬರೋ ಖಾಲಿ ತಿಂಗಳಿಗೆ ನಿಮ್ಮ ಗೈಡ್ ಹತ್ರ ರಿಸರ್ಚ್ ಅಸೋಸಿಯೇಟ್ ಜಾಗ ಇದ್ಯಾ ಅಂತ ಈಗಲೇ ಕೇಳಿಟ್ಕೊಳ್ಳಿ.